ಕೂಲರ್ ಎದುರಿನ ಗ್ರಾಫಿಕ್ಸ್ ಕಾರ್ಡು

ಕೆಟ್ಟ ಕಂಪ್ಯೂಟರಿನ ಮುಂದೆ ನಿಂತು "ನಾ ಏನೂ ಮುಟ್ಟಿಲ್ರಿ, ತಾನಾಗೇ ಹಿಂಗ ಆಯ್ತು" ಎನ್ನದ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಗಿರಾಕಿಗಳು ಕರೆಂಟು ಡೊಂಕು, ವೈರಸ್ಸು ಡೊಂಕು, ಕೊನೆಗೆ ನೀವು ಹಾಕಿದ ಪಾರ್ಟೇ ಡೊಂಕು ಅನ್ನುತ್ತಾರೆ. ವಾಡಿ ಸ್ಟೇಷನ್ನಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಇಂಥ ಮಾತು ಕೇಳಿ ಕೇಳಿ ನನ್ನ ಸ್ವಭಾವವೇ ಸಿಡುಕಾಗಿತ್ತು. ಹಾಗಾಗಿ ಸೇಡಮ್ಮಿನಿಂದ ವೈನಿ ಫೋನಿನಲ್ಲಿ ಹೇಳಿದ ಮೊದಲ ಮಾತಿಗೇ ನಾನು ತಣ್ಣಗಾದೆ.

"ಅಣ್ಣಾರ, ಮಷೀನಿಗಿ ಅಮ್ಮ ಬಂದಂಗ ಆಗ್ಯಾದ್ರಿ. ಸ್ಕ್ರೀನ್ ತುಂಬ ಬಣ್ಣಬಣ್ಣದ ಗುಳ್ಳಿ. ನಾನೇ ಮಾಡೀನಿ ಇದು. ಕಾರ್ಡಿನ ಸ್ಪೀಡ್ ಏರ್ಸಿದ್ದೆ."

ಈಕೆ ನನ್ನ ಗೆಳೆಯನ ಹೆಂಡತಿ, ಅದಕ್ಕೇ ವೈನಿ, ಅಂದರೆ ಅತ್ತಿಗೆ. ಅವರ ಮನೆಯದು ಮದುವೆ ವಿಡಿಯೋ ಕೆಲಸ. ಮಾಲಕರು ಗೆಳೆಯನ ಅಣ್ಣ. ಕ್ಯಾಮೆರಾ ಅವರದೇ, ಸೇಡಮ್ ಬಜಾರಿನಲ್ಲಿ ಎಲ್ಲರೂ ಅವರನ್ನು ಕ್ಯಾಮೆರಾ ಕಾಕಾ ಅಂತಲೇ ಕರೆಯುವುದು. ನನ್ನ ಗೆಳೆಯ ಲೈಟು ಹಿಡಿಯುತ್ತಿದ್ದ. ತೆಗೆದ ಕ್ಯಾಸೆಟ್ಟುಗಳನ್ನು ಕತ್ತರಿಸಿ ಜೋಡಿಸಿ ಹಾಡು ಕೂಡಿಸುವ ಮಿಕ್ಸಿಂಗ್ ಕೆಲಸ ವೈನಿಯದು. ಮೊದಲು ಎರಡು ವಿಸಿಆರ್ ಇಟ್ಟುಕೊಂಡು ಮಾಡುತ್ತಿದ್ದರು. ಹಟ ಹಿಡಿದು ಕಂಪ್ಯೂಟರ್ ತರಿಸಿದವರು ವೈನಿ, ಜೋಡಿಸಿಕೊಟ್ಟವನು ನಾನು. ಎರಡು ಸಾವಿರದ ಐದರ ಆಸುಪಾಸು ಅದು. ಆಗ ಮದುವೆ ವಿಡಿಯೋ ಅಂದರೆ ಆಕಾಶದಿಂದ ಗುಲಾಬಿ ಪಕಳೆ ಉದುರಬೇಕು, ಮದುಮಗಳ ಮುಖ ಹೃದಯದ ಆಕಾರದಲ್ಲಿ ಗಿರಕಿ ಹೊಡೆಯಬೇಕು, ಪುಟ ಮಗುಚಿದ ಹಾಗೆ ಮದುವೆಯ ಮಂಟಪ ಹೋಗಿ ಊಟದ ಪಂಕ್ತಿ ಬರಬೇಕು. ಮಿಕ್ಸಿಂಗ್ ಸಾಫ್ಟ್‌ವೇರ್ ಈ ಪಕಳೆ ಉದುರಿಸುವ ಕೆಲಸವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿನ ತಲೆಗೆ ಕಟ್ಟುತ್ತಿತ್ತು.

ಪ್ರತಿ ಕಾರ್ಡಿಗೂ ತಯಾರಿಸಿದವರು ಇಷ್ಟೇ ವೇಗ ಎಂದು ಗೊತ್ತುಮಾಡಿರುತ್ತಾರೆ. ಅದನ್ನು ಮೀರಿಸುವ ಸಣ್ಣ ಸಾಫ್ಟ್‌ವೇರುಗಳು ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಬರುವ ಸಿಡಿಯಲ್ಲಿ ಇರುತ್ತಿದ್ದವು. ಒಂದು ಗುಂಡಿಯನ್ನು ಬಲಕ್ಕೆ ಸರಿಸಿದರೆ ಸಾಕು, ಕಾರ್ಡು ಜೋರಾಗಿ ಓಡುತ್ತದೆ. ಎತ್ತಿನ ಬಾಲ ತಿರುವಿದ ಹಾಗೆ. ಎತ್ತು ಓಡುತ್ತದೆ ನಿಜ, ಆದರೆ ಎಷ್ಟು ದೂರ ಅನ್ನುವುದು ಬಾಲ ತಿರುವಿದವನ ಕೈಯಲ್ಲಿ ಇರುವುದಿಲ್ಲ. ವೈನಿ ಚಳಿಗಾಲದಲ್ಲಿ ಬಾಲ ತಿರುವಿದ್ದರು. ಈಗ ಏಪ್ರಿಲ್, ನಮ್ಮ ಕಡೆ ಹಾಸುಗಲ್ಲಿನ ಮೇಲೆ ಬರಿಗಾಲಿಡಲು ಆಗದ ತಿಂಗಳು.

"ಯಾವುದಾದ್ರೂ ಕೆಲಸ ಅರ್ಧಕ್ಕ ನಿಂತದೇನ್ರಿ?" ಎಂದು ಕೇಳಿದೆ.

"ಹೌದ್ರಿ, ಇಲ್ಲೇ ಸೇಡಮ್ಮಿನ ನಮ್ಮ ಬೀಗರ ಮಗಳ ಮದುವಿದು. ಹೊಸ ಅಳಿಯ ಔತಣಕ್ಕ ಬರೋ ದಿನ ಎಲ್ಲಾರೂ ಕುಂತು ಸಿಡಿ ನೋಡ್ತಾರಂತ. ಅಷ್ಟರಾಗ ಆಗ್ಲಿಲ್ಲಂದ್ರ ಕ್ಯಾಸೆಟ್ ಗುಲ್ಬರ್ಗಕ್ಕ ಕಳಸ್ತೀನಿ, ಮಷೀನ್ ಮಾರ್ತೀನಿ ಅಂತ ಭಾವಾರು ಅಂದಾರ." ಅದೇ ಉಸಿರಿನಲ್ಲಿ, "ಮಷೀನ್ ಹೋದ್ರ ನನಗ ಮತ್ತ ಬರೇ ಒಲಿ ಕೆಲಸ್ರಿ," ಅಂದರು.

ಆ ಕೊನೆಯ ಮಾತನ್ನು ಅವರು ಅಳುತ್ತ ಹೇಳಲಿಲ್ಲ, ಜೋಳ ಮುಗಿದಿದೆ ಅನ್ನುವ ಹಾಗೆ ಹೇಳಿದರು. ನಾನು ಅಂಗಡಿಗೆ ಬೀಗ ಹಾಕಿ, ಚೀಲದಲ್ಲಿ ಡ್ರೈವರ್ ಸಿಡಿ, ಸ್ಕ್ರೂಡ್ರೈವರು, ಪೇಸ್ಟಿನ ಟ್ಯೂಬು ತುಂಬಿಕೊಂಡು ಸಿಕ್ಕ ಪ್ಯಾಸೆಂಜರ್ ಹತ್ತಿದೆ. ಚಿತ್ತಾಪುರ ದಾಟಿ ಮಳಖೇಡ ರೋಡ್ ಬರುವಷ್ಟರಲ್ಲಿ ಕಿಟಕಿಯ ಗಾಳಿಗೆ ಮುಖವೆಲ್ಲ ಬೂದಿ ಬಣ್ಣವಾಗಿತ್ತು. ಸಿಮೆಂಟಿನ ಸೀಮೆ ನಮ್ಮದು, ಇಲ್ಲಿ ಹುಟ್ಟಿದವರು ಧೂಳನ್ನು ಒರೆಸಿಕೊಳ್ಳುತ್ತಾರೆ, ಬೈಯುವುದಿಲ್ಲ.

ಅವರ ಮನೆಯ ಮಿಕ್ಸಿಂಗ್ ಕೋಣೆಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತೆ. ಕಿಟಕಿಗೆ ಹೊಂದಿಸಿಟ್ಟ ತಗಡಿನ ಕೂಲರು ಹೊರಗಿನ ಬಿಸಿಗಾಳಿಯನ್ನು ಎಳೆದು, ನೆನೆದ ಹುಲ್ಲಿನೊಳಗಿಂದ ತೂರಿಸಿ ಬುರ್ರನೆ ಊದುತ್ತಿತ್ತು. ಅದರ ಎದುರಿಗೆ ಮನುಷ್ಯರಿಲ್ಲ. ಕಂಪ್ಯೂಟರಿನ ಡಬ್ಬಿ ಇತ್ತು, ಪಕ್ಕದ ಮುಚ್ಚಳ ಬಿಚ್ಚಿಕೊಂಡು, ಎದೆ ತೆರೆದು ಕೂತ ಹಾಗೆ. ಕಾಕಾ ಹೊರಗೆ ಪಡಸಾಲೆಯ ಕಂಬಕ್ಕೆ ಒರಗಿ ಹೆಗಲ ಮೇಲಿನ ವಸ್ತ್ರದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಬರ್ರಿ ಡಾಕ್ಟರ್ ಸಾಹೇಬ್ರ, ಕುಂದ್ರಿ," ಅಂದರು. "ನಮ್ಮ ಮನಿಯಾಗ ಮನುಷ್ಯಾರಿಗಿ ಬೆವರು, ಮಷೀನಿಗಿ ಕೂಲರ್. ನಾ ಬಂದು ಅದರ ಮುಂದ ಕುಂತ್ರ ನಮ್ಮ ತಮ್ಮನ ಹೇಣ್ತಿ, ಭಾವಾರ ಸ್ವಲ್ಪ ಸರೀರಿ, ಗಾಳಿ ಅಡ್ಡ ಆಗ್ಲಿಕತ್ತದ ಅಂತಾಳ."

ಒಳಗಿನಿಂದ ವೈನಿ, "ಖರೇ ಅಂದೀನ್ರಿ," ಅಂದರು. ನಗು ಬಂತು, ಇಬ್ಬರ ಮಾತಿಗೂ.

ಕೆಲಸಕ್ಕೆ ಕೂತೆ. ಮೊದಲು ಆ ವೇಗದ ಸಾಫ್ಟ್‌ವೇರ್ ತೆರೆದು ಎರಡೂ ಗುಂಡಿಗಳನ್ನು ಎಡಕ್ಕೆ ತಂದೆ. ಒಂದು ಕಾರ್ಡಿನ ಚಿಪ್ಪಿನ ವೇಗ, ಇನ್ನೊಂದು ಅದರ ಮೆಮೊರಿಯ ವೇಗ. ಮೂಲ ವೇಗಕ್ಕೆ ತರುವ ಡಿಫಾಲ್ಟ್ ಅನ್ನುವ ಬಟನ್ ಒತ್ತಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ. ಗುಳ್ಳೆಗಳು ಮತ್ತೆ ಬಂದವು. ನೋಡಿದರೆ ಗುಂಡಿಗಳೂ ತಮ್ಮ ಹಳೆಯ ಜಾಗಕ್ಕೆ ಹೋಗಿ ಕೂತಿದ್ದವು. ಪ್ರತಿ ಸಲ ಕಂಪ್ಯೂಟರ್ ಏಳುವಾಗಲೂ ಏರಿಸಿದ ವೇಗವನ್ನೇ ಹಾಕು ಎಂದು ಅದಕ್ಕೆ ಮೊದಲೇ ಹೇಳಿಟ್ಟಾಗಿತ್ತು.

ಸೇಫ್ ಮೋಡಿನಲ್ಲಿ ಎಬ್ಬಿಸಿದೆ. ಆ ಸ್ಥಿತಿಯಲ್ಲಿ ಕಂಪ್ಯೂಟರು ಹೊರಗಿನ ಸಾಫ್ಟ್‌ವೇರನ್ನೂ ಕಾರ್ಡಿನ ಡ್ರೈವರನ್ನೂ ಎಬ್ಬಿಸದೆ ಗಂಜಿ ಕುಡಿದ ರೋಗಿಯ ಹಾಗೆ ಸುಮ್ಮನೆ ಇರುತ್ತದೆ. ವೇಗದ ಸಾಫ್ಟ್‌ವೇರನ್ನು ಬೇರು ಸಹಿತ ತೆಗೆದೆ. ಕಾರ್ಡಿನ ಡ್ರೈವರ್ ಕಿತ್ತು ಹೊಸದಾಗಿ ಹಾಕಿದೆ. ಈಗ ಎಲ್ಲವೂ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ವಿಂಡೋಸ್ ಇನ್ನೂ ಏಳುವ ಮೊದಲಿನ ಕರಿ ಪರದೆಯ ಮೇಲೇ ಬಿಳಿ ಅಕ್ಷರಗಳ ನಡುವೆ ಹಸಿರು ಚುಕ್ಕೆ ಕಂಡವು. ಅಂದರೆ ರೋಗ ಇನ್ನೂ ಒಳಗಿತ್ತು.

"ವೈನಿ, ಮತ್ತೆಲ್ಲಾದ್ರೂ ಕೈ ಆಡಿಸೀರೇನು?"

ಇಲ್ಲಿ ನೂರಕ್ಕೆ ನೂರು ಗಿರಾಕಿಗಳು ಇಲ್ಲ ಅನ್ನುತ್ತಾರೆ. ವೈನಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ನೆನಪು ಮಾಡಿಕೊಂಡರು. "ನೀಲಿ ಸ್ಕ್ರೀನ್ ಬರ್ತದಲ್ರಿ, ಚಾಲೂ ಮಾಡೋ ಹೊತ್ತಿಗಿ ಡಿಲೀಟ್ ಒತ್ತಿದ್ರ? ಅಲ್ಲಿ ಕಾರ್ಡಿನ ಹೆಸರ್ಲೆ ಎರಡು ಅವ. ಒಂದು ಸ್ಪೀಡು, ಒಂದು ವೋಲ್ಟೇಜು. ಎರಡೂ ಒಂದೊಂದ ಮೆಟ್ಟ ಏರ್ಸೀನಿ. ಮದಲ ಸ್ಪೀಡ್ ಒಂದೇ ಏರ್ಸಿದ್ದೆ, ನಿಂದ್ರಲಿಲ್ಲ. ಅದಕ್ಕ ವೋಲ್ಟೇಜ್ ಏರ್ಸ್ದೆ."

ಎಷ್ಟು ನೇರ, ಎಷ್ಟು ಕ್ರಮ. ಡಾಕ್ಟರಿಗೆ ತಿಂದದ್ದನ್ನೆಲ್ಲ ಮುಚ್ಚಿಡದೆ ಹೇಳುವ ರೋಗಿ ಅರ್ಧ ವಾಸಿಯಾದ ಹಾಗೆ. ಈಕೆಯ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಈ ಮಾತಿನಿಂದಲೇ ಶುರುವಾದದ್ದು. ಮದರ್‌ಬೋರ್ಡಿನ ಗುಂಡು ಸೆಲ್ ತೆಗೆದು, ಪಕ್ಕದ ಪುಟ್ಟ ಪಿನ್ನು ಬದಲಿಸಿ ಅದರ ನೆನಪನ್ನೆಲ್ಲ ಅಳಿಸಿದೆ. ಸೆಲ್ ವಾಪಸು ಹಾಕಿ, ನೀಲಿ ಪರದೆಯಲ್ಲಿ ಸುರಕ್ಷಿತ ಡಿಫಾಲ್ಟ್ ಆರಿಸಿ ಉಳಿಸಿದೆ. ಕರಿ ಪರದೆ ಸ್ವಚ್ಛವಾಗಿ ಬಂತು. ವಿಂಡೋಸ್ ಬಂತು. ಮಿಕ್ಸಿಂಗ್ ಸಾಫ್ಟ್‌ವೇರ್ ತೆರೆದೆವು. ಮದುಮಗಳು ಅರಿಶಿಣದ ನೀರಿನಲ್ಲಿ ನಗುತ್ತಿದ್ದಳು, ಮುಖದ ಮೇಲೆ ಒಂದೂ ಚುಕ್ಕೆ ಇಲ್ಲ. ವೈನಿ ಚಹಾ ಇಡಲು ಎದ್ದರು.

ಚಹಾ ಕುದಿಯುವ ಮೊದಲೇ ಮದುಮಗಳ ಗಲ್ಲದ ಮೇಲೆ ಕೆಂಪು ಚೌಕಗಳು ಎದ್ದು ಪರದೆ ನಿಂತುಹೋಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಕಾರ್ಡನ್ನೇ ಕಿತ್ತು ಬೆಳಕಿಗೆ ಹಿಡಿದೆ. ಹಿಡಿದವನು ಕಾಕಾರನ್ನು ಕೂಗಿ ಕರೆದು ತೋರಿಸಿದೆ. ಕಾರ್ಡಿನ ಮೇಲಿನ ಪುಟ್ಟ ಫ್ಯಾನು ಬೆರಳಿನಿಂದ ತಳ್ಳಿದರೂ ತಿರುಗಲಿಲ್ಲ. ಅದರ ಕೆಳಗೆ ಶಾಖ ಹೊರಹಾಕಲು ಇರುವ ಅಲ್ಯೂಮಿನಿಯಂ ಹಲ್ಲುಗಳ ಸಂದುಗಳಲ್ಲಿ ಬೂದು ಬಣ್ಣದ ಗಾರೆ ಗಟ್ಟಿಯಾಗಿ ಕೂತಿತ್ತು. ಮೇಸ್ತ್ರಿ ಕರಣೆಯಲ್ಲಿ ಮೆತ್ತಿದ ಹಾಗೆ. ಉಗುರಿಗೆ ಬರಲಿಲ್ಲ. ಬೇರೆ ಊರುಗಳ ಕಂಪ್ಯೂಟರಿನಲ್ಲಿ ಧೂಳು ಇರುತ್ತದೆ, ಊದಿದರೆ ಹಾರಿಹೋಗುತ್ತದೆ. ನಮ್ಮ ಗಾಳಿಯ ಸಿಮೆಂಟು ಧೂಳಿಗೆ ಕೂಲರು ದಿನವಿಡೀ ತೇವ ಕೊಟ್ಟು ಕಲಸಿ, ಬಿಸಿ ಕಾರ್ಡು ಅದನ್ನು ಒಣಗಿಸಿತ್ತು. ತಂಪು ಮಾಡಲು ಇಟ್ಟ ಕೂಲರೇ ಕಾರ್ಡಿಗೆ ಗೋಡೆ ಕಟ್ಟಿತ್ತು.

ಕಾಕಾ ಕನ್ನಡಕ ಏರಿಸಿ ನೋಡಿದರು. "ಫ್ಯಾಕ್ಟ್ರಿ ಊರ ಹೊರಗ ಅವ ಅಂತ ತಿಳ್ದಿದ್ದೆ. ನಮ್ಮ ಮನಿಯಾಗೂ ಒಂದು ನಡದದ," ಅಂದರು. ಆಮೇಲೆ ನಗು ಬಿಟ್ಟು, "ಆಗ್ತದೋ ಇಲ್ಲೋ ಅಷ್ಟ ಹೇಳ್ರಿ. ಬೀಗರ ಮುಂದ ನನ್ನ ಮಾತು ಹೋಗಬಾರದು," ಎಂದು ಹೊರಗೆ ಹೋದರು.

ವೈನಿ ಊದುಬತ್ತಿಯ ಕಡ್ಡಿಗಳನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷನ್ನೂ ತಂದು ಕಾಗದ ಹಾಸಿಕೊಂಡು ಕೂತರು. "ಮಾಡಿದ್ದುಣ್ಣೋ ಮಹಾರಾಯ," ಎಂದು ತಮಗೆ ತಾವೇ ಹೇಳಿಕೊಂಡು ಒಂದೊಂದೇ ಸಂದನ್ನು ಕೆರೆಯತೊಡಗಿದರು. ನಾನು ಚಾಕು ಎತ್ತಿದರೆ "ಬ್ಯಾಡ್ರಿ, ಜಾರಿದ್ರ ಕೆಳಗಿನ ಕರೆಂಟಿನ ಗೆರಿ ಕೊಯ್ತದ," ಅಂದರು. ಸರಿಯಾದ ಮಾತೇ, ಚಾಕು ಕೆಳಗಿಟ್ಟೆ. ಫ್ಯಾನಿನ ಸ್ಟಿಕರ್ ಎತ್ತಿ, ಅವರ ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟು ಬೆರಳಿನಿಂದ ತಿರುವುತ್ತ ಕೂತೆ. ಚಿಪ್ಪಿನ ಶಾಖ ದಾಟಿಸುವ ಪೇಸ್ಟ್ ಒಣಗಿತ್ತು, ಅದನ್ನು ಒರೆಸಿ ಹೊಸದನ್ನು ತೆಳ್ಳಗೆ ಹಚ್ಚಿದೆ. ಸಂಜೆಗೆ ಫ್ಯಾನು ಸದ್ದಿಲ್ಲದೆ ತಿರುಗಿತು. ಡಬ್ಬಿಯ ಮುಚ್ಚಳ ಮುಚ್ಚಿ, ಕೂಲರನ್ನು ಬೇರೆ ಕಡೆ ತಿರುಗಿಸಿದೆವು.

ಮರುದಿನ ಮುಂಜಾನೆ ಪರೀಕ್ಷೆ. ಸಾದಾ ಕೆಲಸದಲ್ಲಿ ಕಾರ್ಡು ಒಮ್ಮೆಯೂ ಮುಗ್ಗರಿಸಲಿಲ್ಲ. ನನಗೆ ಜೀವ ಬಂತು. ಆಮೇಲೆ ವೈನಿ ಉದ್ದನೆಯ ಒಂದು ದೃಶ್ಯಕ್ಕೆ ಗುಲಾಬಿ ಪಕಳೆ ಹಾಕಿದರು. ಸ್ವಲ್ಪ ಹೊತ್ತು ಉದುರಿದವು. ನಂತರ ಪಕಳೆಗಳ ನಡುವೆ ಒಂದೆರಡು ಹಸಿರು ಚುಕ್ಕೆಗಳೂ ಉದುರತೊಡಗಿದವು. ತಿಂಗಳುಗಟ್ಟಲೆ ಬೆಂದ ಮೆಮೊರಿ ಚಿಪ್ಪುಗಳಿಗೆ ಪೆಟ್ಟು ಬಿದ್ದಿತ್ತು. ಡಿಫಾಲ್ಟ್ ವೇಗದಲ್ಲಿ ನಡೆಯುತ್ತದೆ, ಆದರೆ ಹೊರೆ ಹೊರುವುದಿಲ್ಲ. ಹೈದರಾಬಾದಿನ ನನ್ನ ಡೀಲರಿಗೆ ಫೋನ್ ಮಾಡಿದೆ. ಅಂಥ ಕಾರ್ಡು ಔತಣದ ಮೊದಲು ಸಿಗುವ ಮಾತೇ ಇಲ್ಲ ಅಂದ.

ನನ್ನ ಬಳಿ ಒಂದು ಉಪಾಯವಿತ್ತು. "ಪಕಳೆ ತುಂಡು ತುಂಡು ಮಾಡಿ ಹಾಕೋಣು ವೈನಿ. ನಡುನಡುವ ಬಂದ್ ಮಾಡಿ ಆರಸೋಣು. ಹ್ಯಾಂಗರೆ ಮಾಡಿ ಎಳದ್ರ ಆಗಬಹುದು."

"ನಡುವ ಕಾರ್ಡು ಪೂರಾ ಹೋಯ್ತಂದ್ರ?"

"ಹೋದ್ರ ಹೋಯ್ತು. ಸಿಡಿನೂ ಇಲ್ಲ."

ಅವರು ಪರದೆಯನ್ನೇ ನೋಡುತ್ತ ಕೇಳಿದರು: "ಡಿಫಾಲ್ಟ್ ಅಂದ್ರ, ಇದನ್ನ ಮಾಡ್ದೋರು ಇದರ ಕೈಲೆ ಇಷ್ಟ ಆಗ್ತದ ಅಂತ ಹೇಳಿದ್ದು. ಹೌದಿಲ್ಲೋ?"

"ಹೌದು."

"ಹಂಗಾರ ಅಷ್ಟರಾಗೇ ಮಾಡೋಣ್ರಿ. ಹಾಸಿಗಿ ಇದ್ದಷ್ಟ ಕಾಲು. ಪಕಳಿ ಬ್ಯಾಡ, ಹೃದಯ ಬ್ಯಾಡ, ಏನೂ ಬ್ಯಾಡ. ಬರೇ ಕತ್ತರಿ."

ನಾನು ಗಾಬರಿಯಾದೆ. ಪಕಳೆ ಇಲ್ಲದ ಮದುವೆ ವಿಡಿಯೋವನ್ನು ಆ ದಿನಗಳಲ್ಲಿ ಬೀಗರ ಮುಂದೆ ಇಡುವುದೆಂದರೆ ಹೋಳಿಗೆ ಇಲ್ಲದ ಎಲೆ ಇಟ್ಟ ಹಾಗೆ. ಅದಕ್ಕಿಂತ ಹೆಚ್ಚಾಗಿ, ಸಾದಾ ಕತ್ತರಿ ಕೆಲಸಕ್ಕೆ ಎರಡು ವಿಸಿಆರೇ ಸಾಕಲ್ಲ, ಮಷೀನ್ ಯಾಕೆ ಎಂದು ಕಾಕಾ ಕೇಳುವುದು ಖಂಡಿತ. ಅದನ್ನೇ ಹೇಳಿದೆ.

"ಗೊತ್ತದ್ರಿ," ಅಂದರು. "ಆದ್ರ ಅರ್ಧಕ್ಕ ನಿಂತ ಪಕಳಿಗಿಂತ ಪೂರಾ ಮುಗದ ಮದುವಿ ಛಲೋ."

ಆಮೇಲಿನ ಕೆಲಸ ನೋಡಿದ್ದು ನನ್ನ ಭಾಗ್ಯ. ಕಾರ್ಡು ಡಿಫಾಲ್ಟ್ ವೇಗದಲ್ಲೇ ಇದೆಯೇ ಎಂದು ನೋಡುವ ನೆಪದಲ್ಲಿ ನಾನು ಮತ್ತೆ ಮತ್ತೆ ಸೇಡಮ್ಮಿಗೆ ಹೋದೆ, ನಿಜವಾಗಿ ಹೋದದ್ದು ಅವರ ಕೆಲಸ ನೋಡಲಿಕ್ಕೆ. ಪಕಳೆ ಇದ್ದಾಗ ಕೈ ನಡುಗಿದ ದೃಶ್ಯ, ಯಾರೋ ಅಡ್ಡ ಬಂದ ದೃಶ್ಯ ಎಲ್ಲವೂ ಅದರಡಿ ಮುಚ್ಚಿಹೋಗುತ್ತಿತ್ತು. ಈಗ ಮುಚ್ಚಲು ಏನೂ ಇಲ್ಲ. ವೈನಿ ಎಲ್ಲ ಕ್ಯಾಸೆಟ್ಟುಗಳನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿದರು. ಯಾರಾದರೂ ತಿರುಗಿ ನೋಡುವ ಗಳಿಗೆಗೆ ಸರಿಯಾಗಿ ಕತ್ತರಿಸಿ, ಅವರು ನೋಡಿದ್ದನ್ನೇ ಮುಂದೆ ಇಡುತ್ತಿದ್ದರು. ಜೋಡಿಸಿದ್ದು ಎಲ್ಲಿ ಎಂದು ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಸಿನಿಮಾ ಹಾಡುಗಳನ್ನು ಬಿಟ್ಟು, ಮದುಮಕ್ಕಳಿಗೆ ನೀರೆರೆಯುವ ಸುರಗಿ ಶಾಸ್ತ್ರದಲ್ಲಿ ಹೆಂಗಸರು ಹಾಡಿದ ಸೋಬಾನೆಯ ದನಿಯನ್ನೇ ಉಳಿಸಿದರು. "ಇದಕ್ಕ ಕಾರ್ಡ್ ಬೇಕಾಗಿಲ್ರಿ, ಕಿವಿ ಬೇಕು," ಅಂದರು. ಕಾರ್ಡು ತಣ್ಣಗೆ ನಡೆಯಿತು. ಅಷ್ಟು ವರ್ಷ ಕಂಪ್ಯೂಟರ್ ಜೋಡಿಸಿದ ನನಗೆ ಕಂಪ್ಯೂಟರಿನಲ್ಲಿ ಇಂಥದ್ದನ್ನು ಮಾಡಬಹುದು ಎಂದು ಹೊಳೆದೇ ಇರಲಿಲ್ಲ.

ಔತಣದ ದಿನ ಬೀಗರ ಮನೆಯ ಪ್ಲೇಯರು ನಮ್ಮ ಸಿಡಿ ಓದದಿದ್ದರೆ ಎಂಬ ಭಯಕ್ಕೆ ಗೆಳೆಯ ನನ್ನನ್ನೂ ಪ್ಲೇಯರ್ ಸಮೇತ ಕರೆದ. ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಸುತ್ತುತ್ತಿತ್ತು. ಹೆಂಗಸರು, ಮಕ್ಕಳು, ಹೊಸ ಅಳಿಯ, ಮಗಳು ಎಲ್ಲರೂ ಟಿವಿ ಮುಂದೆ ಜಮಖಾನದ ಮೇಲೆ ಕೂತರು. ಕಾಕಾ ಗೋಡೆಗೆ ಒರಗಿ ನಿಂತರು. ಪಕಳೆ ಇಲ್ಲದ್ದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ವೈನಿ ಬಾಗಿಲ ಬಳಿ, ನೆಲ ನೋಡುತ್ತ.

ಸಿಡಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು, "ಗುಲಾಬಿ ಎಲ್ಲಿ ಬರ್ತಾವ್ರಿ?" ಅಂದಳು. ಇನ್ನೊಬ್ಬಳು, "ನಮ್ಮ ತಂಗಿ ಮದುವಿದ್ರಾಗ ಹಕ್ಕಿ ಹಾರ್ತಿದ್ವು," ಅಂದಳು. ಕಾಕಾ ವೈನಿಯ ಕಡೆ ತಿರುಗಿ ನೋಡಿದರು. 

ಆಮೇಲೆ ಮಗಳನ್ನು ಕಳಿಸಿಕೊಡುವ ಹೊತ್ತಿನ ದೃಶ್ಯ ಬಂತು. ಪರದೆಯ ತುಂಬ ಜನ, ಅಳು, ಗದ್ದಲ. ಅದರಿಂದ ಒಂದು ಕತ್ತರಿ. ಮುಂದೆ ಮನೆಯ ಹೊರಗಿನ ಹಾಸುಗಲ್ಲಿನ ಮೆಟ್ಟಿಲು. ಹುಡುಗಿಯ ಅಪ್ಪ ಒಬ್ಬರೇ. ಹೆಗಲ ಮೇಲಿನ ವಸ್ತ್ರ ತೆಗೆದು, ಬಗ್ಗಿ, ಮಗಳ ಚಪ್ಪಲಿಗಳ ಮೇಲಿನ ಧೂಳು ಒರೆಸಿದರು. ಒಂದರ ಪಕ್ಕ ಒಂದು ಜೋಡಿಸಿ, ಹೊರಡುವವರ ಕಾಲಿಗೆ ಸುಲಭವಾಗುವ ಹಾಗೆ ದಾರಿಯ ಕಡೆ ತಿರುಗಿಸಿ ಇಟ್ಟರು. ಅದೇ ವಸ್ತ್ರದಲ್ಲಿ ಮುಖ ಒರೆಸಿಕೊಂಡರು. ಕ್ಯಾಮೆರಾ ಅಲ್ಲಾಡದೆ ನೋಡುತ್ತಿತ್ತು. ಹಿಂದೆ ಸೋಬಾನೆಯ ಕೊನೆಯ ಸಾಲು ಮಾತ್ರ.

ಆ ಅಪ್ಪ ಅಲ್ಲೇ ಜಮಖಾನದ ಮೇಲೆ, ಅಳಿಯನ ಪಕ್ಕ ಕೂತಿದ್ದರು. ಮಗಳು ಎದ್ದು ಹೋಗಿ ಅವರ ಹತ್ತಿರ ಕೂತಳು. "ಇನ್ನೊಮ್ಮಿ ಹಚ್ಚರಿ," ಅಂದಳು. ಹಿಂದಕ್ಕೆ ಹೋಗಿ ಮತ್ತೆ ಹಚ್ಚಿದೆ. ಗುಲಾಬಿಯನ್ನು ಯಾರೂ ಕೇಳಲಿಲ್ಲ.

ಕಾಕಾ ಗೋಡೆ ಬಿಟ್ಟು ಟಿವಿಯ ಹತ್ತಿರಕ್ಕೆ ಬಂದು ನಿಂತಿದ್ದರು. "ಇದು ನಾ ತೆಗ್ದಿದ್ದು," ಅಂದರು, ಯಾರಿಗೂ ಅಲ್ಲದೆ. "ಇಷ್ಟು ದಿನ ನಾ ತೆಗ್ದಿದ್ದು ನಾನೇ ನೋಡಿದ್ದಿಲ್ಲ." ಅಲ್ಲಿಯವರೆಗೆ ಅವರ ಕ್ಯಾಮೆರಾದ ಇಂಥ ಎಷ್ಟು ಗಳಿಗೆಗಳು ಪಕಳೆಗಳ ಅಡಿಯಲ್ಲಿ ಹೂತುಹೋಗಿದ್ದವೋ. ಅವರಿಗೆ ಮಷೀನಿನ ಮೇಲಿದ್ದ ಮುನಿಸು ನನಗೆ ಅರ್ಥವಾದದ್ದು ಆಗ.

ಮನೆಗೆ ಮರಳಿದಾಗ ಮಿಕ್ಸಿಂಗ್ ಕೋಣೆ ಬಿಸಿಲಿಗೆ ಕಾದು ಕಾವಲಿಯಾಗಿತ್ತು. ವೈನಿ ತೆಗೆದಿಟ್ಟ ಕ್ಯಾಸೆಟ್ಟುಗಳನ್ನು ಜೋಡಿಸಿಡತೊಡಗಿದರು, ಮಷೀನಿನ ಮಾತು ಯಾವಾಗ ಬರುತ್ತದೋ ಎಂದು ಬೆನ್ನು ತಿರುಗಿಸಿಕೊಂಡು. ಕಾಕಾ ಒಳಗೆ ಬಂದರು. ಕಂಪ್ಯೂಟರನ್ನು ನೋಡಿದರು, ಮೂಲೆಗೆ ತಿರುಗಿಸಿದ್ದ ಕೂಲರನ್ನು ನೋಡಿದರು. ತಾವೇ ಬಗ್ಗಿ ಅದರ ಕಾಲು ಹಿಡಿದು ಎಳೆದು, ವೈನಿ ಕೂರುವ ಕುರ್ಚಿಯ ಕಡೆ ತಿರುಗಿಸಿ, ನೀರಿದೆಯೋ ಇಲ್ಲವೋ ಎಂದು ಬೆರಳು ಅದ್ದಿ ನೋಡಿ ಸ್ವಿಚ್ ಹಾಕಿದರು.

"ಚಿಮ್ಮನಚೋಡದ ಮದುವಿ ಕ್ಯಾಸೆಟ್ ನಾಳಿಗಿ ಬರ್ತಾವ," ಅಂದರು. "ಗಾಳಿಗಿ ಕುಂತು ಮಾಡವ್ವ."